ಸೋಲುವ ತಂಡಕ್ಕೆ ಯಾರನ್ನು ಕರೆತರಬೇಕು?

ನಾನಿರುವುದು ಅಮೆರಿಕದ ಡೆಟ್ರಾಯಿಟ್ ಪಕ್ಕದ ನೋವೈ ಊರಿನಲ್ಲಿ. ಬೇಸ್‌ಬಾಲ್‌ನಲ್ಲಿ ಡೆಟ್ರಾಯಿಟ್ ತಂಡವಾದ ಟೈಗರ್ಸ್ ಕಡೆಯವನು. 2003ರಲ್ಲಿ ಈ ತಂಡ 162 ಪಂದ್ಯಗಳಲ್ಲಿ 119 ಸೋತಿತ್ತು! ಫ್ರೀ ಏಜೆಂಟ್, ಅಂದರೆ ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಹೋಗಬಲ್ಲ ಆಟಗಾರನನ್ನು ಆರಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಇದು ಐಪಿಎಲ್ ಹರಾಜಲ್ಲ. ಇಲ್ಲಿ ಆಟಗಾರನೇ ತಂಡವನ್ನು ಆರಿಸುತ್ತಾನೆ, ಸೋಲುವವರ ಬಳಿ ಸುಮ್ನೆ ಬರುವುದಿಲ್ಲ. ಹಾಗಾಗಿ ಬೇರೆ ತಂಡಗಳು ತೆಗೆದುಕೊಳ್ಳಲು ಹಿಂಜರಿಯುವ ಆಟಗಾರನನ್ನು ಹುಡುಕಿ.

ಮೊದಲು ತೂತು ಎಲ್ಲಿದೆ ನೋಡಿ. ಟೈಗರ್ಸ್ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಬ್ರಾಂಡನ್ ಇಂಜ್‌ನ ಆ ವರ್ಷದ ಬ್ಯಾಟಿಂಗ್ ಸರಾಸರಿ ಬರೀ .203, ಅಂದರೆ ಹತ್ತು ಪ್ರಯತ್ನಕ್ಕೆ ಸುಮಾರು ಎರಡೇ ಹಿಟ್. ಅತ್ತ ಮಾರ್ಲಿನ್ಸ್ ತಂಡದ ಜೊತೆ ಆಗಷ್ಟೇ ವರ್ಲ್ಡ್ ಸೀರೀಸ್ (ಬೇಸ್‌ಬಾಲ್‌ನ ಫೈನಲ್) ಗೆದ್ದ ಕ್ಯಾಚರ್ ಇವಾನ್ ರೊಡ್ರಿಗಸ್ ಖಾಲಿ ಇದ್ದ. ವಯಸ್ಸು 32, ಬೆನ್ನಿನ ಬಗ್ಗೆ ಎಲ್ಲರಿಗೂ ಅನುಮಾನ. ಟೈಗರ್ಸ್ ನಾಲ್ಕು ವರ್ಷಕ್ಕೆ 4 ಕೋಟಿ ಡಾಲರ್ ಕೊಟ್ಟಿತು. ಜೊತೆಗೆ ಬೆನ್ನು ಕೈಕೊಟ್ಟರೆ ತಪ್ಪಿಸಿಕೊಳ್ಳುವ ಷರತ್ತನ್ನೂ ಬರೆಸಿಕೊಂಡಿತು. ಈ ಷರತ್ತೇ ಜಾಣತನ, ಅಲ್ವಾ?

ಎಲ್ಲ ಆಯ್ಕೆಯೂ ಫಲಿಸುವುದಿಲ್ಲ. ಅದೇ ಚಳಿಗಾಲದಲ್ಲಿ ಟೈಗರ್ಸ್‌ಗೆ ಬಂದ ಇನ್ನೊಬ್ಬ ಆಟಗಾರ ಫರ್ನಾಂಡೊ ವೀನ್ಯಾ 2004ರಲ್ಲಿ ಆಡಿದ್ದು 29 ಪಂದ್ಯ ಮಾತ್ರ. ಗಾಯದ ಇತಿಹಾಸವನ್ನು ಎರಡು ಸಲ ಓದಿ.

ಒಂದೇ ವರ್ಷಕ್ಕೆ ಕಪ್ ಕೇಳಬೇಡಿ. 2004ರಲ್ಲಿ ಗೆಲುವು 43ರಿಂದ 72ಕ್ಕೆ ಏರಿತು. ವರ್ಲ್ಡ್ ಸೀರೀಸ್ ಮುಟ್ಟಿದ್ದು 2006ರಲ್ಲಿ. ಅಲ್ಲಿ ಕಾರ್ಡಿನಲ್ಸ್ ಎದುರು ಸೋತೆವು, ಅದು ನನಗೆ ಇನ್ನೂ ಉರಿಯುತ್ತದೆ.