ಒಂದೇ ಹಾಳೆಯಲ್ಲಿ ಎರಡು ನಕ್ಷೆ: ನನ್ನ ಅನುಭವ

ಕೋಲಾರ ಜಿಲ್ಲೆಯ ಕೆರೆಗಳ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿದ್ದೆ. ದೊಡ್ಡ ಚೌಕಟ್ಟಿನಲ್ಲಿ ಕೆರೆಗಳು, ಮೂಲೆಯ ಪುಟ್ಟ ಚೌಕಟ್ಟಿನಲ್ಲಿ ಕರ್ನಾಟಕ. ಪುಟ್ಟದಕ್ಕೆ ಬೇಡವೆಂದು ಕೆರೆಗಳ ಪದರವನ್ನು (ಲೇಯರ್) ಮರೆಮಾಡಿದರೆ ದೊಡ್ಡದರಲ್ಲೂ ಕೋಲಾರಮ್ಮ ಕೆರೆ ಸಮೇತ ಎಲ್ಲವೂ ಮಾಯ! ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯ ನಕ್ಷೆಯಲ್ಲಿ ಕೆರೆಯೂ ಇಲ್ಲದಿದ್ದರೆ ಉಳಿಯುವುದೇನು?

ಚೌಕಟ್ಟುಗಳು ಮುಖ್ಯ ಪರದೆಯಲ್ಲಿ ಆ ಹೊತ್ತಿಗೆ ಕಾಣುವ ಪದರಗಳನ್ನೇ ತೋರಿಸುತ್ತವೆ, ಅದೇ ಕಾರಣ. ಚೌಕಟ್ಟಿನಲ್ಲಿ ಈಗಿರುವ ಪದರಗಳನ್ನೇ ಹಿಡಿದಿಡುವ ‘ಲಾಕ್ ಲೇಯರ್ಸ್’ ಒತ್ತಿದರೆ ಸದ್ಯಕ್ಕೆ ಸಾಕು, ಆದರೆ ಆಮೇಲೆ ಸೇರಿಸಿದ ಪದರ ಅಲ್ಲಿಗೆ ಬಾರದು. ಹಾಗಾಗಿ ‘ಕೆರೆ’, ‘ರಾಜ್ಯ’ ಎಂಬ ಎರಡು ಮ್ಯಾಪ್ ಥೀಮ್ (ಯಾವ ಪದರಗಳು ಕಾಣಬೇಕೆಂಬ ಆಯ್ಕೆ) ಉಳಿಸಿ, ಪ್ರತಿ ಚೌಕಟ್ಟಿಗೂ ‘ಫಾಲೋ ಮ್ಯಾಪ್ ಥೀಮ್’ನಲ್ಲಿ ಅದರದರ ಥೀಮ್ ಆರಿಸಿದೆ. ಕೆರೆಗಳು ಮರಳಿ ಬಂದವು. ಪುಟ್ಟದಕ್ಕೆ ‘ಓವರ್‌ವ್ಯೂ’ ಸೇರಿಸಿ, ಅದರಲ್ಲಿ ದೊಡ್ಡ ಚೌಕಟ್ಟನ್ನು ಆರಿಸಿದೊಡನೆ ಕೋಲಾರದ ಮೇಲೆ ಕೆಂಪು ಆಯತವೂ ಮೂಡಿತು.

ನಕ್ಷೆಯಲ್ಲಿ ದೂರ ತಿಳಿಸುವ ಅಳತೆಪಟ್ಟಿಯನ್ನೂ (ಸ್ಕೇಲ್ ಬಾರ್) ನೋಡಿಕೊಳ್ಳಿ. ನನ್ನದು ‘ಮ್ಯಾಪ್ 2’ಕ್ಕೆ, ಅಂದರೆ ಪುಟ್ಟ ಚೌಕಟ್ಟಿಗೆ, ಅಂಟಿಕೊಂಡು ಕೆರೆಗಳ ನಡುವಿನ ದೂರವನ್ನು ತಪ್ಪಾಗಿ ತೋರಿಸುತ್ತಿತ್ತು.