ಗುಜರಿ ಪಿಸ್ಟನ್ ಕರಗಿಸಿ ಡ್ರಾಯರ್ ಹಿಡಿ ಮಾಡಿ

ಅಲ್ಯೂಮಿನಿಯಂ ಎರಕದ ಹುಚ್ಚು ಹತ್ತಿದವರು ಮೊದಲು ಕೂಡಿಡುವುದು ತಂಪು ಪಾನೀಯದ ಖಾಲಿ ಕ್ಯಾನ್‌ಗಳನ್ನು. ಬೇಡ. ಆ ತಗಡು ತೀರಾ ತೆಳು, ಕರಗುವುದರೊಳಗೆ ಸಾಕಷ್ಟು ಭಾಗ ಕಿಟ್ಟವಾಗಿ ಹೋಗುತ್ತದೆ. ಕಿಟಕಿ ಫ್ರೇಮಿನ ಲೋಹವೂ ಅಚ್ಚಿನ ಮೂಲೆಗೆ ಸರಿಯಾಗಿ ಹರಿಯುವುದಿಲ್ಲ.

ಗ್ಯಾರೇಜಿಗೆ ಹೋಗಿ ಹಳೇ ಪಿಸ್ಟನ್ ಕೇಳಿ. ಅದು ಮೊದಲೇ ಎರಕದ ಲೋಹ. ಸಾಮಾನ್ಯವಾಗಿ ಅದರಲ್ಲಿ ಸುಮಾರು 12% ಸಿಲಿಕಾನ್ ಇರುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಬೇಕು, ಇದು 580ರ ಆಸುಪಾಸಿನಲ್ಲೇ ಕರಗತೊಡಗುತ್ತದೆ. ನೀರಿನಂತೆ ಹರಿಯುತ್ತದೆ. ಉಕ್ಕಿನ ರಿಂಗು, ಪಿನ್ನು ತೆಗೆದು, ಎಣ್ಣೆ ಒರೆಸಿ. ಎಂಜಿನ್ ಕವರ್ ಸಿಕ್ಕರೆ ಕೆರೆದು ಒಂದು ಹನಿ ವಿನೆಗರ್ ಬಿಡಿ. ಬುಸುಬುಸು ನೊರೆ ಬಂದರೆ ಅದು ಮೆಗ್ನೀಷಿಯಂ ಇರಬಹುದು, ಮುಟ್ಟಬೇಡಿ. ಅದಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲಾಗದು.

ಇನ್ನು ಅಚ್ಚು. ನುಣ್ಣನೆ ಮರಳಿಗೆ ಬೆಂಟೋನೈಟ್ ಜೇಡಿ, ಸ್ವಲ್ಪವೇ ನೀರು ಬೆರೆಸಿ. ಮುಷ್ಟಿಯಲ್ಲಿ ಹಿಂಡಿ ಮುರಿದರೆ ಉಂಡೆ ಪುಡಿಯಾಗದೆ ಎರಡು ಹೋಳಾಗಬೇಕು, ಕೈಗೆ ತೇವ ಅಂಟಬಾರದು. ಮರದ ಗುಬ್ಬಿಯನ್ನು, ಅಂದರೆ ನಮಗೆ ಬೇಕಾದ ಹಿಡಿಯ ಮಾದರಿಯನ್ನು, ಚಪ್ಪಟೆ ಬದಿ ಕೆಳಗೆ ಮಾಡಿ ಹಲಗೆಯ ಮೇಲಿಡಿ. ಸುತ್ತ ತಳವಿಲ್ಲದ ಪೆಟ್ಟಿಗೆ ಇಟ್ಟು, ಟಾಲ್ಕಂ ಪೌಡರ್ ಉದುರಿಸಿ, ಮರಳು ಜರಡಿ ಹಿಡಿದು ಗಟ್ಟಿಯಾಗಿ ಬಡಿಯಿರಿ. ಮಗುಚಿ. ಮತ್ತೆ ಪೌಡರ್, ಮೇಲೆ ಎರಡನೇ ಪೆಟ್ಟಿಗೆ. ಗುಬ್ಬಿಯ ಬೆನ್ನಿನ ಮೇಲೆ ಪೈಪಿನ ತುಂಡು ನಿಲ್ಲಿಸಿ ಮರಳು ತುಂಬಿ. ಆ ತೂತೇ ಲೋಹ ಇಳಿಯುವ ದಾರಿ. ಪೈಪ್ ಎಳೆದು, ಪೆಟ್ಟಿಗೆ ಎತ್ತಿ, ಗುಬ್ಬಿ ತೆಗೆದು ಮುಚ್ಚಿ. ಸೈಕಲ್ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿದರೆ ಹಬೆಗೆ ದಾರಿಯಾಗುತ್ತದೆ. ಲೋಹ ಆರುವಾಗ ಕುಗ್ಗುತ್ತದೆ, ಗುಬ್ಬಿ ಒಂದು ನೂಲು ದೊಡ್ಡದೇ ಇರಲಿ.

ಕರಗಿಸುವುದು ಬಯಲಲ್ಲೇ ಆಗಬೇಕು, ಒಣ ಮರಳು ಹಾಸಿದ ನೆಲದ ಮೇಲೆ. ಸಿಮೆಂಟ್ ನೆಲಕ್ಕೆ ಲೋಹ ಚೆಲ್ಲಿದರೆ ಅದರೊಳಗಿನ ತೇವ ಸಿಡಿಯುತ್ತದೆ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಅಷ್ಟೇ ಕಾರಣ. ಅಚ್ಚಿನ ಮರಳಲ್ಲೂ ತೇವ ಇದೆಯಲ್ವಾ ಅಂದರೆ, ಇದೆ. ಆದರೆ ಅದು ಬಹಳ ಕಮ್ಮಿ, ಹಬೆ ಮರಳಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಮೂಸೆಗೆ (ಲೋಹ ಕರಗಿಸುವ ಪಾತ್ರೆಗೆ) ಹಾಕುವ ತುಂಡು, ಕಲಕುವ ಸಲಾಕೆ ಎಲ್ಲವನ್ನೂ ಮೊದಲು ಕುಲುಮೆಯ ಬಾಯಲ್ಲಿಟ್ಟು ಕಾಯಿಸಿ. ಹತ್ತಿ ಬಟ್ಟೆ, ಚರ್ಮದ ಶೂ, ಮುಖಕ್ಕೆ ಶೀಲ್ಡ್. ಪಾಲಿಯೆಸ್ಟರ್ ಪ್ಯಾಂಟಂತೂ ಬೇಡವೇ ಬೇಡ, ಚರ್ಮಕ್ಕೇ ಅಂಟಿಕೊಳ್ಳುತ್ತದೆ.

ಇದ್ದಿಲು, ಬ್ಲೋವರ್, ಗ್ರಾಫೈಟ್ ಮೂಸೆ ಇದ್ದರೆ ಸಾಕು. ಸಲಾಕೆಗೆ ಲೋಹ ಅಂಟುತ್ತಿದ್ದರೆ ಇನ್ನೂ ಕಾಯಬೇಕು. 700–740 ಡಿಗ್ರಿಯಲ್ಲಿ ಕಿಟ್ಟ ತೆಗೆದು, ಮಧ್ಯೆ ನಿಲ್ಲಿಸದೆ ಒಂದೇ ಧಾರೆಯಲ್ಲಿ ಹೊಯ್ಯಿರಿ. ಸುಮ್ನೆ ಜಾಸ್ತಿ ಕಾಯಿಸಿದರೆ ಲೋಹ ಗಾಳಿಯ ತೇವದಿಂದ ಹೈಡ್ರೋಜನ್ ಹೀರಿ, ಆರಿದಾಗ ತೂತುತೂತಾಗುತ್ತದೆ.

ಅರ್ಧ ಗಂಟೆ ಬಿಟ್ಟು ಅಚ್ಚು ಒಡೆಯಿರಿ. ಪೈಪಿನ ತೂತಲ್ಲಿ ಗಟ್ಟಿಯಾದ ಬಾಲವನ್ನು ಗರಗಸದಿಂದ ಕೊಯ್ದು, ಬೆನ್ನಿಗೆ ಸ್ಕ್ರೂ ತೂತು ಕೊರೆಯಿರಿ. ಇದೇ ಲೋಹದಲ್ಲಿ ಸೌಟು, ಬಟ್ಟಲು ಮಾಡುವ ಆಸೆ ಮಾತ್ರ ಬಿಡಿ, ಗುಜರಿಯಲ್ಲಿ ಸೀಸವೂ ಬೆರೆತಿರಬಹುದು. ಕೊಯ್ದ ಬಾಲವನ್ನು ಡಬ್ಬಿಗೆ ಹಾಕಿಡಿ, ಮುಂದಿನ ಹಿಡಿಗೆ ಆಗುತ್ತದೆ.