ಕಾಪಿ ಆಯ್ತು ಅಂತ ಡಿಲೀಟ್ ಒತ್ತಬೇಡಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಇವನಿಗೆ ಕಂಪ್ಯೂಟರ್ ಗೊತ್ತುಂಟು ಎಂಬ ಒಂದೇ ಕಾರಣಕ್ಕೆ ನೆಂಟರು, ನೆರೆಕರೆಯವರು ಕೆಟ್ಟ ಫೋನು, ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಸಂಬಂಧದ ಮಾವ ಒಬ್ಬರು ಬಂದರು. ಮಗಳ ಮದುವೆ ಫೋಟೋ ಎಲ್ಲ ಪೆನ್‌ಡ್ರೈವಿಗೆ ಹಾಕಿಯೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ್ದಂತೆ. ತೆರೆದು ನೋಡಿದರೆ ಅದರಲ್ಲಿದ್ದದ್ದು 2 ಕೆಬಿಯ ಒಂದು ಶಾರ್ಟ್‌ಕಟ್. ಡೆಸ್ಕ್‌ಟಾಪಿನ ಮೇಲೆ ಬಾಣದ ಗುರುತಿರುವ ಐಕಾನ್ ಇರುತ್ತದಲ್ವಾ, ಅದನ್ನೇ ಕಾಪಿ ಮಾಡಿದ್ದರು. ದಾರಿ ತೋರಿಸುವ ಬೋರ್ಡು ಕಿತ್ತು ತಂದಿದ್ದರು, ಮನೆ ಅಲ್ಲೇ ಬಿಟ್ಟಿದ್ದರು.

ಫೋನಿನ ಫೋಟೋಗಳನ್ನು ಹಾರ್ಡ್‌ಡಿಸ್ಕಿಗೆ ಹಾಕಿಡುವ ಕ್ರಮ ಹೀಗಿದೆ.

ಹಂತ 1: ಡಿಸ್ಕ್ ಕೊಳ್ಳುವುದು

1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹೆಚ್ಚಿನ ಮನೆಗಳಿಗೆ ಸಾಕು. ಪೆನ್‌ಡ್ರೈವ್ ಇರುವುದು ಅಲ್ಲಿಂದಿಲ್ಲಿಗೆ ಸಾಗಿಸುವುದಕ್ಕೆ, ಕೂಡಿಡುವುದಕ್ಕಲ್ಲ. ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಆನ್‌ಲೈನಿನಲ್ಲಿ ಕಂಡರಂತೂ ಮುಟ್ಟಲೇಬೇಡಿ. ಒಳಗಿರುವುದು 32 ಜಿಬಿಯೋ 64 ಜಿಬಿಯೋ ಚಿಪ್. ಕಂಪ್ಯೂಟರಿಗೆ 2 ಟಿಬಿ ಎಂದು ಸುಳ್ಳು ಹೇಳುವ ಹಾಗೆ ಅದನ್ನು ತಿದ್ದಿರುತ್ತಾರೆ. ಜಾಗ ಮುಗಿದ ಮೇಲೂ ಕಾಪಿ ಆಗುತ್ತಲೇ ಇರುತ್ತದೆ, ಫೈಲಿನ ಹೆಸರೂ ಕಾಣುತ್ತದೆ, ಫೋಟೋ ಮಾತ್ರ ತೆರೆಯುವುದಿಲ್ಲ. ಈಗಾಗಲೇ ಕೊಂಡಾಗಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಡ್ರೈವನ್ನು ಪೂರ್ತಿ ತುಂಬಿಸಿ, ಬರೆದದ್ದನ್ನು ತಿರುಗಿ ಓದಿ, ನಿಜ ಎಷ್ಟು ಎಂದು ಹೇಳುತ್ತದೆ.

ಹಂತ 2: ಫಾರ್ಮ್ಯಾಟ್

ಫಾರ್ಮ್ಯಾಟ್ ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ; ಫ್ಯಾಟ್32, ಎಕ್ಸ್‌ಫ್ಯಾಟ್ ಎಲ್ಲ ಅದರ ಬಗೆಗಳು. ಹೊಸ ಡಿಸ್ಕನ್ನು ಹಾಗೇ ಬಳಸಿ. ಹಳೆಯದು ಫ್ಯಾಟ್32 ಆಗಿದ್ದರೆ ಒಳಗಿರುವುದನ್ನು ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ಇಡೀ ರಾತ್ರಿಯ ಯಕ್ಷಗಾನ ಆಟದ ವಿಡಿಯೋ ಒಳಗೆ ಹೋಗೆನೆಂದು ಹಠ ಹಿಡಿಯುವುದು ಇದಕ್ಕೇ.

ಹಂತ 3: ಫೋನಿನಿಂದ ಕಾಪಿ

ಕೇಬಲ್ ಚುಚ್ಚಿದರೂ ಕಂಪ್ಯೂಟರಿನಲ್ಲಿ ಫೋನ್ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಬರೀ ಚಾರ್ಜಿಗೆ ಮಾತ್ರ ಆಗುವ ಕೇಬಲ್‌ಗಳಿವೆ. ಆಮೇಲೆ ಫೋನಿನ ಪರದೆಯನ್ನು ಮೇಲಿನಿಂದ ಎಳೆದು 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಕ್ಯಾಮೆರಾದ ಫೋಟೋ 'ಡಿಸಿಐಎಂ' ಫೋಲ್ಡರಿನಲ್ಲಿರುತ್ತದೆ. ವಾಟ್ಸಾಪಿನದ್ದು ಅಲ್ಲಿಲ್ಲ. 'ಆಂಡ್ರಾಯ್ಡ್', ಅದರೊಳಗೆ 'ಮೀಡಿಯಾ', ಅದರೊಳಗೆ ವಾಟ್ಸಾಪ್ ಹೆಸರಿನ ಫೋಲ್ಡರ್. ಅಷ್ಟು ಒಳಗೆ ಹೋಗಬೇಕು. ಗಲ್ಫಿನಿಂದ ಅಣ್ಣ ಕಳಿಸಿದ ವಿಡಿಯೋ, ಗ್ರೂಪಿನಲ್ಲಿ ಬಂದ ತೀರ್ವೆ (ಭೂಕಂದಾಯ) ರಶೀದಿ ಎಲ್ಲ ಇರುವುದು ಅಲ್ಲೇ.

ಕಾಪಿ ಮಾಡಿ. ಕಟ್ ಬೇಡವೇ ಬೇಡ. ಒಮ್ಮೆ ನಾನೇ ಕಟ್ ಕೊಟ್ಟೆ, ಅರ್ಧದಲ್ಲಿ ಕರೆಂಟ್ ಹೋಯಿತು. ತಮ್ಮನ ಮಗುವಿನ ತೊಟ್ಟಿಲ ಶಾಸ್ತ್ರದ ವಿಡಿಯೋ ಫೋನಿನಲ್ಲೂ ಇಲ್ಲ, ಡಿಸ್ಕಿನಲ್ಲೂ ಇಲ್ಲ. ತಮ್ಮನ ಹೆಂಡತಿ ಈಗಲೂ ಪ್ರತಿ ಹುಟ್ಟುಹಬ್ಬಕ್ಕೆ ಅದನ್ನು ನೆನಪಿಸುತ್ತಾಳೆ.

ಎಂಟು ಸಾವಿರ ಫೋಟೋ ಒಟ್ಟಿಗೇ ಎಳೆದು ಹಾಕಬೇಡಿ. ಹಸಿರು ಗೆರೆ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ, ಎಷ್ಟು ಹೋಯಿತು ಎಷ್ಟು ಉಳಿಯಿತು ತಿಳಿಯುವುದಿಲ್ಲ. ಐನೂರೈನೂರು ಮಾಡಿ. ಮಧ್ಯದಲ್ಲಿ ಎರರ್ ಬಂದು 'ಸ್ಕಿಪ್' ಕೇಳಿದರೆ ಆ ಫೈಲಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಸ್ಕಿಪ್ ಒತ್ತಿ. 'ಎಲ್ಲದಕ್ಕೂ ಹೀಗೇ ಮಾಡು' ಎಂಬ ಚೌಕಕ್ಕೆ ಸುಮ್ನೆ ಟಿಕ್ ಹಾಕಿ ಚಾ ಕುಡಿಯಲು ಹೋದವರೇ ಜಾಸ್ತಿ ಕಳೆದುಕೊಂಡವರು.

ಐಫೋನಿನವರು ಸೆಟ್ಟಿಂಗ್ಸ್‌ನ ಫೋಟೋಸ್ ವಿಭಾಗದ ಕೊನೆಯಲ್ಲಿ 'ಕೀಪ್ ಒರಿಜಿನಲ್ಸ್' ಆರಿಸಿ. ವಿಂಡೋಸಿಗೆ ಕಾಪಿ ಆಗುತ್ತಾ ಆಗುತ್ತಾ ನಿಲ್ಲುವ ತೊಂದರೆ ಹೆಚ್ಚಿನ ಸಲ ಅಲ್ಲಿಗೆ ಮುಗಿಯುತ್ತದೆ.

ಹಂತ 4: ಲೆಕ್ಕ ನೋಡುವುದು

ಇದನ್ನು ಯಾರೂ ಮಾಡುವುದಿಲ್ಲ. ಫೋನಿನ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎ ಒತ್ತಿದರೆ ಕಿಟಕಿಯ ಕೆಳಗೆ ಎಷ್ಟು ಫೈಲ್ ಎಂದು ಬರುತ್ತದೆ. ಡಿಸ್ಕಿನಲ್ಲೂ ಒತ್ತಿ. ಎರಡೂ ಒಂದೇ ಇರಬೇಕು. ಮೂರು ಕಡಿಮೆ ಇದ್ದರೆ ಮೂರು ಹೋಗಿಲ್ಲ ಎಂದೇ ಅರ್ಥ, ಹುಡುಕಿ. ನಂತರ ಡಿಸ್ಕಿನ ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ. ಸೊನ್ನೆ ಕೆಬಿ ತೋರಿಸುವುದು ಬರೀ ಹೆಸರು, ಒಳಗೆ ಏನೂ ಇಲ್ಲ.

ಲೆಕ್ಕ ಸರಿಯಾದರೂ ಸಾಲದು. ಡಿಸ್ಕನ್ನು ಇಜೆಕ್ಟ್ ಕೊಟ್ಟು ತೆಗೆದು, ಮತ್ತೆ ಚುಚ್ಚಿ. ಫೋನ್ ಬೇಡ. ಈಗ ಅಲ್ಲೊಂದು ಇಲ್ಲೊಂದು ಇಪ್ಪತ್ತು ಫೋಟೋ ತೆರೆಯಿರಿ. ಚಿಕ್ಕ ಚಿತ್ರ ಕಂಡರೆ ಸಾಲದು, ದೊಡ್ಡದಾಗಿ ತೆರೆಯಬೇಕು. ವಿಡಿಯೋ ಆದರೆ ಕೊನೆಗೆ ಎಳೆದು ನೋಡಿ, ಅರ್ಧ ಕಾಪಿಯಾದದ್ದು ಕೊನೆಯಲ್ಲೇ ಸಿಕ್ಕಿಬೀಳುತ್ತದೆ. ಇಷ್ಟಾದ ಮೇಲೂ ಫೋನಿನಿಂದ ಅಳಿಸಲು ಒಂದು ವಾರ ತಡೆಯಿರಿ.

ವಾಟ್ಸಾಪ್ ಫೋಟೋಗಳ ಹೆಸರು ಬದಲಿಸಬೇಡಿ. ಕ್ಯಾಮೆರಾ ಫೋಟೋದೊಳಗೆ ತೆಗೆದ ದಿನ ಬರೆದಿರುತ್ತದೆ. ಸಾಮಾನ್ಯವಾಗಿ ಕಳಿಸುವ ಫೋಟೋದಿಂದ ವಾಟ್ಸಾಪ್ ಅದನ್ನು ತೆಗೆದುಬಿಡುತ್ತದೆ. ಉಳಿಯುವುದು ಹೆಸರಿನಲ್ಲಿರುವ 20240414ರಂಥ ಅಂಕಿ ಮಾತ್ರ.

ಹಂತ 5: ಫೋಲ್ಡರ್

2024-04 ಹೀಗೆ ವರ್ಷ ಮೊದಲು, ತಿಂಗಳು ಆಮೇಲೆ. ತಾನಾಗಿ ಸಾಲಾಗಿ ನಿಲ್ಲುತ್ತದೆ.

ಇಷ್ಟರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಗೂಗಲ್ ಫೋಟೋಸ್‌ನಲ್ಲಿ ಉಂಟಲ್ಲ ಮಾರಾಯ್ರೆ, ಇದೆಲ್ಲ ಯಾಕೆ?" ಇರಲಿ, ಒಳ್ಳೆಯದೇ. ಆದರೆ ಲೆಕ್ಕವಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಈಗ ಉಚಿತ 15 ಜಿಬಿ, ಅದರಲ್ಲೇ ಜಿಮೇಲ್ ಕೂಡ. ಅದು ತುಂಬಿದ ಮೇಲೆ ತೆಗೆದ ಫೋಟೋ ಗೂಗಲ್‌ಗೆ ಹೋಗುವುದೇ ಇಲ್ಲ. ಇನ್ನೊಂದು, ಆ ಆ್ಯಪಿನಲ್ಲಿ ಅಳಿಸಿದರೆ ಫೋನಿನಲ್ಲೂ ಗೂಗಲ್‌ನಲ್ಲೂ ಒಟ್ಟಿಗೇ ಹೋಗುತ್ತದೆ. ಗೂಗಲ್‌ಗೆ ಹೋಗಿದ್ದ ಫೋಟೋ ಆದರೆ ಕಸದಬುಟ್ಟಿಯಲ್ಲಿ 60 ದಿನ ಸಿಗುತ್ತದೆ, ಅಷ್ಟೇ.

ಹಂತ 6: ಎರಡನೇ ಡಿಸ್ಕ್

ಒಂದೇ ಡಿಸ್ಕ್ ಸಾಲದು. ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟರೂ ಪ್ರಯೋಜನ ಇಲ್ಲ. ಅಕ್ಟೋಬರ್, ನವೆಂಬರಿನ ಸಂಜೆ ನಮ್ಮಲ್ಲಿ ಸಿಡಿಲು ಹೇಗೆ ಬಡಿಯುತ್ತದೆ ಎಂದು ಹೇಳಬೇಕಾಗಿಲ್ಲ. ಕಂಪ್ಯೂಟರಿಗೆ ಚುಚ್ಚಿಯೇ ಬಿಟ್ಟ ಡಿಸ್ಕ್ ಕಂಪ್ಯೂಟರಿನ ಜೊತೆಗೇ ಸುಡಬಹುದು. ಕೆಲಸ ಮುಗಿದ ಕೂಡಲೇ ತೆಗೆದು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿದರೆ ಮಳೆಗಾಲದ ತೇವಕ್ಕೆ ಒಳ್ಳೆಯದು.

ನಮ್ಮ ಎರಡನೆಯದು ಪುತ್ತೂರಿನಲ್ಲಿ ಅಕ್ಕನ ಮನೆಯಲ್ಲಿದೆ. ವಿಷುವಿಗೊಮ್ಮೆ, ದೀಪಾವಳಿಗೊಮ್ಮೆ ಅದಲುಬದಲು. ಕಳೆದ ವಿಷುವಿಗೆ ಅಕ್ಕ ಡಿಸ್ಕ್ ತಂದಳು, ಕೇಬಲ್ ಅಲ್ಲೇ ಉಳಿದಿತ್ತು. ಕೇಬಲ್ಲನ್ನು ರಬ್ಬರ್‌ಬ್ಯಾಂಡ್ ಹಾಕಿ ಡಿಸ್ಕಿಗೇ ಕಟ್ಟಿಡಿ.